ಮಳೆಯ ದತ್ತಾಂಶ: ಕೋಷ್ಟಕಕ್ಕೂ ಜಾಲಕಕ್ಕೂ ಬೆಸುಗೆ

ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾವಿ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕುಗಳ ಬೆಳೆಯ ಇಳುವರಿಯನ್ನು ಮಳೆಯೊಂದಿಗೆ ಹೋಲಿಸಬೇಕಾಗಿದೆ ಎಂದುಕೊಳ್ಳಿ. ಇಳುವರಿಯ ಅಂಕಿಅಂಶಗಳು ಅಡ್ಡಸಾಲು, ಕಂಬಸಾಲುಗಳ ಕೋಷ್ಟಕದಲ್ಲಿರುತ್ತವೆ. ಇದಕ್ಕೆ ಪೈಥಾನ್ ಭಾಷೆಯ ‘ಪಾಂಡಾಸ್’ ಲೈಬ್ರರಿ ತಕ್ಕುದು. ಭಾರತೀಯ ಹವಾಮಾನ ಇಲಾಖೆಯ ದೈನಿಕ ಮಳೆಯ ದತ್ತಾಂಶಕ್ಕಾದರೋ ಕಾಲ, ಅಕ್ಷಾಂಶ, ರೇಖಾಂಶ ಎಂಬ ಮೂರು ಆಯಾಮಗಳಿವೆ. 1901ರಿಂದ ಆರಂಭವಾಗುವ ಇದು 0.25 ಡಿಗ್ರಿ ಅಂತರದ ಜಾಲಕವಾಗಿದೆ. ಇದನ್ನು ನಿರ್ವಹಿಸಲು ‘ಎಕ್ಸ್‌ಅರೇ’ ಲೈಬ್ರರಿ ಅನುಕೂಲ.

ಎರಡನ್ನೂ ಬೆಸೆಯುವುದು ಹೇಗೆ? ನಾಲ್ಕು ಊರುಗಳ ಅಕ್ಷಾಂಶ, ರೇಖಾಂಶಗಳನ್ನು ಪಾಂಡಾಸ್ ಕೋಷ್ಟಕದಲ್ಲಿ ಬರೆಯಿರಿ. ಅವನ್ನು ಬರಿಯ ಪಟ್ಟಿಗಳಾಗಿ ಎಕ್ಸ್‌ಅರೇಗೆ ಕೊಟ್ಟರೆ, ಪ್ರತಿ ಅಕ್ಷಾಂಶವೂ ಪ್ರತಿ ರೇಖಾಂಶದೊಡನೆ ಕೂಡಿ 16 ಸ್ಥಾನಗಳಾಗುತ್ತವೆ. ಎರಡಕ್ಕೂ ‘ತಾಲ್ಲೂಕು’ ಎಂಬ ಒಂದೇ ಆಯಾಮವನ್ನು ಕೊಟ್ಟರೆ ನಮಗೆ ಬೇಕಾದ 4 ಸ್ಥಾನಗಳು ಮಾತ್ರ ದೊರೆಯುತ್ತವೆ. ಬಂದ ಮಳೆಯನ್ನು ವರ್ಷವಾರು ಕೂಡಿಸಿ, ಕೋಷ್ಟಕವಾಗಿ ಪರಿವರ್ತಿಸಿ, ತಾಲ್ಲೂಕು ಮತ್ತು ವರ್ಷಗಳನ್ನು ಹೊಂದಿಸಿ ಇಳುವರಿಯ ಕೋಷ್ಟಕಕ್ಕೆ ಜೋಡಿಸಬಹುದು.

ಇಲ್ಲೊಂದು ಎಚ್ಚರಿಕೆ ಅಗತ್ಯ. ಶಿಗ್ಗಾವಿ ಸುಮಾರು 14.99 ಉತ್ತರ, 75.22 ಪೂರ್ವದಲ್ಲಿದೆ, ಸವಣೂರು 14.97 ಉತ್ತರ, 75.34 ಪೂರ್ವದಲ್ಲಿದೆ. ‘ಅತಿ ಸಮೀಪದ ಬಿಂದು’ವನ್ನು ಕೇಳಿದರೆ ಎರಡಕ್ಕೂ 15.00, 75.25 ಬಿಂದುವೇ ಬರುತ್ತದೆ. ಪ್ರತಿದಿನವೂ ಎರಡೂ ಊರುಗಳಿಗೆ ಒಂದೇ ಮಳೆ! ಹಾನಗಲ್ಲಿನ ರೇಖಾಂಶ 75.12ರ ಆಸುಪಾಸು, ಅಂದರೆ ಎರಡು ಬಿಂದುಗಳ ನಟ್ಟನಡುವೆ. ದಶಮಾಂಶದಲ್ಲಿ ತುಸು ವ್ಯತ್ಯಾಸವಾದರೂ ಆಯ್ಕೆ ಸುಮಾರು 27 ಕಿ.ಮೀ. ಸರಿಯುತ್ತದೆ. ಮಲೆನಾಡಿನ ಅಂಚಿನಲ್ಲಿ ಇದು ಸಣ್ಣ ದೋಷವಲ್ಲ.

ಸುತ್ತಲಿನ ಬಿಂದುಗಳಿಂದ ನಡುವಣ ಬೆಲೆಯನ್ನು ಎಕ್ಸ್‌ಅರೇ ಲೆಕ್ಕಹಾಕಬಲ್ಲದು. ಆಗ ಅಂಕಿಗಳು ಬೇರೆಯಾಗುತ್ತವೆ, ಆದರೆ ಹೊಸ ಮಾಹಿತಿಯೇನೂ ಸೇರುವುದಿಲ್ಲ. ಜಾಲಕವೇ ಮಳೆಮಾಪಕಗಳಿಂದ ಹಾಗೆ ಲೆಕ್ಕಹಾಕಿದ್ದು. ಆದ್ದರಿಂದ ಕೊನೆಗೆ ನಿಮ್ಮೂರಿನ ಮಳೆಮಾಪಕದ ದಾಖಲೆಯೊಂದಿಗೆ ಹೋಲಿಸಿಯೇ ತೀರ್ಮಾನಕ್ಕೆ ಬನ್ನಿ.