ಸೌಟು ಹಿಡಿದ ಪತ್ತೇದಾರರು

ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಹಳೆ ಪುಸ್ತಕದಂಗಡಿಯಲ್ಲಿ ಕೈಗೆ ಸಿಕ್ಕಿದ ಆ ಪುಸ್ತಕದ ಮೇಲೆ ಜಿಡ್ಡಿನ ಕಲೆ ಇತ್ತು. ಹಳೆ ಪುಸ್ತಕದ ಮೇಲೆ ಕಲೆ ಇರುವುದರಲ್ಲಿ ವಿಶೇಷವೇನಿಲ್ಲ. ಆದರೆ ಜೋಆನ್ ಫ್ಲೂಕ್ ಬರೆದ 'ಚಾಕೊಲೇಟ್ ಚಿಪ್ ಕುಕೀ ಮರ್ಡರ್'ನ ಈ ಪ್ರತಿಯಲ್ಲಿ ಕಲೆ ಇದ್ದದ್ದು ಒಂದೇ ಒಂದು ಹಾಳೆಗೆ. ಆ ಹಾಳೆ ಬೆಣ್ಣೆ ಕುಡಿದು ಕುಡಿದು ಗಾಜಿನಂತಾಗಿ, ಹಿಂಬದಿಯ ಅಕ್ಷರಗಳೂ ಮುಂದೆ ಕಾಣುತ್ತಿದ್ದವು. ಹೊಲಿಗೆಯ ಸಂದಿಯಲ್ಲಿ ಮೈದಾ ಗಟ್ಟಿಕಟ್ಟಿ ಕೂತಿತ್ತು. ಸಕ್ಕರೆಯ ಅಳತೆಯ ಪಕ್ಕದಲ್ಲಿ ಯಾರೋ ಪೆನ್ಸಿಲ್ಲಿನಲ್ಲಿ ಮುಕ್ಕಾಲು ಎಂದು ಗುರುತು ಹಾಕಿದ್ದರು. ಪುಟ ತಿರುವುತ್ತ ಹೋದೆ. ಕೊಲೆಗಾರ ಯಾರೆಂದು ಬಯಲಾಗುವ ಕೊನೆಯ ಪುಟಗಳು ಮಾತ್ರ ಬೆರಳು ಸೋಕದ ಹಾಗೆ ಹೊಚ್ಚಹೊಸದಾಗಿದ್ದವು.

ನನಗೆ ಅಲ್ಲೇ ರೋಮಾಂಚನ. ಈ ಪುಸ್ತಕದ ಹಿಂದಿನ ಒಡೆಯರು ಕುಕೀ ಹೇಗೆ ಮಾಡುವುದೆಂದು ಮತ್ತೆ ಮತ್ತೆ ನೋಡಿದ್ದಾರೆ. ಕೊಲೆ ಮಾಡಿದವನು ಯಾರೆಂದು ತಿಳಿಯುವ ತೊಂದರೆಯನ್ನು ಬಹುಶಃ ತೆಗೆದುಕೊಂಡೇ ಇಲ್ಲ! ಅಡುಗೆಯವರನ್ನು ಪತ್ತೇದಾರರನ್ನಾಗಿ ಮಾಡಿದ ಕಾದಂಬರಿಗಳ ಬಗ್ಗೆ ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಓದಿಲ್ಲ. ಅಂಗಡಿಯವರು ಹೇಳಿದಷ್ಟು ಕೊಟ್ಟು ಎತ್ತಿಕೊಂಡು ಬಂದೆ.

ಅಗಾಥಾ ಕ್ರಿಸ್ಟಿಯನ್ನು ಓದಿದವರಿಗೆ 'ಕೋಝಿ' ಮಿಸ್ಟರಿ ಎಂದರೇನೆಂದು ವಿವರಿಸಬೇಕಿಲ್ಲ. ಪುಟ್ಟ ಊರು, ಎಲ್ಲರಿಗೂ ಎಲ್ಲರ ಪರಿಚಯ, ರಕ್ತ ಕಣ್ಣಿಗೆ ಬೀಳದಂಥ ಕೊಲೆ, ಪೊಲೀಸರಿಗಿಂತ ಚುರುಕಾದ ಒಬ್ಬ ಹವ್ಯಾಸಿ. ಬೆಕ್ಕು ಇದ್ದರೆ ಅದು ಸಾಯುವುದಿಲ್ಲ. ಫ್ಲೂಕ್ 2000ದಲ್ಲಿ ಬರೆದ ಈ ಪುಸ್ತಕದಲ್ಲೂ ಬೆಕ್ಕಿದೆ, ಹೆಸರು ಮೊಯ್ಶೆ. ಅದರ ಯಜಮಾನಿ ಹ್ಯಾನಾ ಸ್ವೆನ್ಸನ್, ಅಮೆರಿಕದ ಮಿನೆಸೋಟ ರಾಜ್ಯದ ಲೇಕ್ ಈಡನ್ ಎಂಬ ಕಲ್ಪಿತ ಊರಿನಲ್ಲಿ 'ಕುಕೀ ಜಾರ್' ಎಂಬ ಬೇಕರಿ ನಡೆಸುವವಳು. ಒಂದು ಬೆಳಿಗ್ಗೆ ಅವಳ ಅಂಗಡಿಯ ಹಿಂಬದಿ ನಿಂತ ಹಾಲಿನ ಗಾಡಿಯಲ್ಲಿ ಹಾಲು ಹಾಕುವ ರಾನ್ ಗುಂಡೇಟು ತಿಂದು ಸತ್ತಿರುತ್ತಾನೆ. ಸುತ್ತ ಅವಳೇ ಬೇಯಿಸಿದ ಕುಕೀಗಳು. ಡೆಪ್ಯುಟಿ ಶೆರಿಫ್ ಆಗಿರುವ ತಂಗಿಯ ಗಂಡ, ಊರಿನವರನ್ನು ಸ್ವಲ್ಪ ಮಾತಾಡಿಸಿ ನೋಡು ಎನ್ನುತ್ತಾನೆ. ಅಲ್ಲಿಂದ ಶುರುವಾದ ಸರಣಿ ಈಗ ಮೂವತ್ತು ಪುಸ್ತಕಗಳ ಹತ್ತಿರ ಬಂದಿದೆ. 2015ರಲ್ಲಿ ಅಲಿಸನ್ ಸ್ವೀನಿಯ ರೂಪದಲ್ಲಿ ಹ್ಯಾನಾ ಹಾಲ್‌ಮಾರ್ಕ್‌ನ ಚಾನೆಲ್ಲೊಂದಕ್ಕೂ ಬಂದಳು.

ಆ ಜಿಡ್ಡಿನ ಪುಟದ ಕುಕೀಯನ್ನು ನಾನೂ ಮಾಡಿ ನೋಡಿದೆ. ಗುಟ್ಟಿರುವುದು ಕಾರ್ನ್‌ಫ್ಲೇಕ್ಸಿನಲ್ಲಿ. ಕರಗಿಸಿದ ಬೆಣ್ಣೆಗೆ ಬಿಳಿ ಸಕ್ಕರೆ, ಕಂದು ಸಕ್ಕರೆ, ಮೊಟ್ಟೆ, ಮೈದಾ ಎಲ್ಲ ಬಿದ್ದ ಮೇಲೆ ಕಾರ್ನ್‌ಫ್ಲೇಕ್ಸನ್ನು ಕೈಯಲ್ಲೇ ಹಿಸುಕಿ ಸೇರಿಸಬೇಕು. ಮಿಕ್ಸಿಗೆ ಹಾಕಿದರೆ ಹಿಟ್ಟಾಗಿಬಿಡುತ್ತದೆ, ಕೆಲಸ ಕೆಟ್ಟಿತು. ಪುಸ್ತಕ ಹೇಳುವುದು 375 ಡಿಗ್ರಿ ಫ್ಯಾರನ್‌ಹೀಟ್, ನಮ್ಮ ಓಟಿಜಿಯಲ್ಲಿ 190ಕ್ಕೆ ತಿರುಗಿಸಿದರೆ ಸರಿಹೋಗುತ್ತದೆ. ಅಂಚು ಕೆಂಪಗಾಗಿ ನಡುವೆ ಇನ್ನೂ ಮೆತ್ತಗೆ ಇರುವಾಗಲೇ ತಟ್ಟೆ ಹೊರಗೆ ತೆಗೆಯಬೇಕು. ಆರಿದ ಮೇಲೆ ಕಚ್ಚಿದರೆ ಕಾರ್ನ್‌ಫ್ಲೇಕ್ಸಿನ ಚೂರುಗಳು ಹಲ್ಲಿಗೆ ಸಿಕ್ಕಿ ಕರುಂ ಕುರುಂ ಎನ್ನುತ್ತವೆ. ಸಕ್ಕರೆ ಮಾತ್ರ ನಮ್ಮ ನಾಲಗೆಗೆ ವಿಪರೀತ. ಪೆನ್ಸಿಲ್ಲಿನವರು ಮುಕ್ಕಾಲಿಗೆ ಇಳಿಸಿದ್ದು ನೂರಕ್ಕೆ ನೂರು ಸರಿ.

ಕುಕೀಗೆ ಪೂರ್ತಿ ಅಂಕ ಕೊಡುತ್ತೇನೆ, ಪತ್ತೇದಾರಿಕೆಗೆ ಕೊಡಲಾರೆ. ಹ್ಯಾನಾ ಬೇಕರಿಯವಳಾದದ್ದರಿಂದ ಕೊಲೆಗಾರ ಸಿಕ್ಕಿದ ಎಂದು ಹೇಳುವ ಹಾಗಿಲ್ಲ. ಅವಳು ಒಂದು ಪೊಟ್ಟಣ ಕುಕೀ ಹಿಡಿದು ಮನೆ ಮನೆಗೆ ಹೋಗುತ್ತಾಳೆ, ಜನ ತಿನ್ನುತ್ತ ಬಾಯಿ ಬಿಡುತ್ತಾರೆ. ಅವಳ ಕೈಗೆ ಕುಕೀ ಬದಲು ಮಲ್ಲಿಗೆ ಮಾಲೆ ಕೊಟ್ಟರೂ ಕತೆ ಹಾಗೇ ನಡೆದೀತು. ಈ ಬಗೆಯ ಪುಸ್ತಕಗಳಿಗೆ ನಾನು ಒಡ್ಡುವ ಪರೀಕ್ಷೆ ಇದೊಂದೇ: ಅಡುಗೆಯನ್ನು ತೆಗೆದುಹಾಕಿದರೆ ಪತ್ತೇದಾರಿಕೆ ನಿಂತುಹೋಗಬೇಕು. ನಿಲ್ಲದಿದ್ದರೆ ಅಡುಗೆ ಬರೀ ಒಗ್ಗರಣೆ.

ಈ ಪರೀಕ್ಷೆಯಲ್ಲಿ ಒಳ್ಳೆಯ ದರ್ಜೆಯಲ್ಲಿ ಪಾಸಾಗುವವಳು ಡಯಾನ್ ಮಾಟ್ ಡೇವಿಡ್ಸನ್ ಸೃಷ್ಟಿಸಿದ ಗೋಲ್ಡಿ. ಕೊಲರಾಡೋದ ಬೆಟ್ಟದ ಊರಿನಲ್ಲಿ, ಹೊಡೆಯುವ ಡಾಕ್ಟರ್ ಗಂಡನನ್ನು ಬಿಟ್ಟು, ಮಗನನ್ನು ಸಾಕಲು ಊಟದ ಕಂಟ್ರಾಕ್ಟು ಹಿಡಿದವಳು. 1990ರ ಮೊದಲ ಪುಸ್ತಕ 'ಕೇಟರಿಂಗ್ ಟು ನೋಬಡಿ'ಯಲ್ಲಿ ಮಗನ ಶಾಲೆಯ ಟೀಚರ್ ತೀರಿಕೊಂಡಾಗ ಬಂದವರಿಗೆ ಊಟ ಹಾಕುವ ಕೆಲಸ ಇವಳದು. ಅಲ್ಲಿ ಇವಳ ಮಾಜಿ ಮಾವನೇ ಇಲಿ ಪಾಷಾಣಕ್ಕೆ ಸಿಕ್ಕಿ ನರಳುತ್ತಾನೆ. ಪೊಲೀಸರು ಮೊದಲು ಮಾಡುವ ಕೆಲಸ ಇವಳ ಅಡುಗೆಮನೆಗೆ ಬೀಗ ಹಾಕುವುದು.

ಈ ಬೀಗವೇ ನನಗೆ ಇಷ್ಟ. ಮಿಸ್ ಮಾರ್ಪಲ್‌ಗೆ ಕುತೂಹಲ, ಪಾಯ್ರೋಗೆ ಜಂಬ, ಗೋಲ್ಡಿಗೆ ಬಾಡಿಗೆ. ಬೀಗ ತೆಗೆಯುವವರೆಗೆ ಸಂಪಾದನೆಯಿಲ್ಲ, ತೆಗೆದರೂ ವಿಷ ಬಡಿಸಿದವಳೆಂಬ ಹೆಸರು ಬಂದ ಮೇಲೆ ಯಾರು ಕರೆಯುತ್ತಾರೆ? ಊಟ ಮಾಡಿದವರಿಗೆ ಹೊಟ್ಟೆ ಕೆಟ್ಟರೆ ಊರು ಮೊದಲು ನೋಡುವುದು ಅಡುಗೆಯವರ ಮುಖವನ್ನು. ಬೇರೆ ಕಸುಬಿನ ಹವ್ಯಾಸಿಗಳು ಪೊಲೀಸರ ಕೆಲಸಕ್ಕೆ ಯಾಕೆ ತಲೆ ಹಾಕುತ್ತಾರೆಂದು ಸಮರ್ಥಿಸಲು ಲೇಖಕರು ಹೆಣಗಬೇಕು. ಅಡುಗೆಯವರ ವಿಷಯದಲ್ಲಿ ಆ ಹೆಣಗಾಟವೇ ಬೇಡ. ಕಷ್ಟವಿರುವುದು ಎರಡನೆಯ ಪುಸ್ತಕದಿಂದ. ಹೋದಲ್ಲೆಲ್ಲ ಹೆಣ ಬೀಳುವ ಕಂಟ್ರಾಕ್ಟರನ್ನು ಜನ ಮತ್ತೆ ಮತ್ತೆ ಮದುವೆಗೆ ಕರೆಯುತ್ತಾರೆಯೇ? ಡೇವಿಡ್ಸನ್ ಊರಿನಲ್ಲಿ ಕರೆಯುತ್ತಾರೆ, ಹದಿನೇಳು ಪುಸ್ತಕ ಮುಗಿಯುವವರೆಗೂ.

ಇಷ್ಟಕ್ಕೆಲ್ಲ ಒಲೆ ಹಚ್ಚಿದವರು ವರ್ಜೀನಿಯಾ ರಿಚ್. 1982ರ 'ದಿ ಕುಕಿಂಗ್ ಸ್ಕೂಲ್ ಮರ್ಡರ್ಸ್'ನಲ್ಲಿ ಅವರ ನಾಯಕಿ ಮಿಸೆಸ್ ಪಾಟರ್, ಅಡುಗೆಯಲ್ಲಿ ನುರಿತ ವಿಧವೆ. ರಿಚ್ ಮೂರು ಪುಸ್ತಕ ಬರೆದು ತೀರಿಕೊಂಡರು. ಆಮೇಲೆ ನ್ಯಾನ್ಸಿ ಪಿಕಾರ್ಡ್ ಆ ಸೌಟು ಕೈಗೆತ್ತಿಕೊಂಡರು. ಇಂಗ್ಲೆಂಡಿನ ಕಡೆಯಿಂದ 1992ರಲ್ಲಿ ಎಂ.ಸಿ. ಬೀಟನ್ ಬರೆದದ್ದು ಇಡೀ ಪಂಥದ ಗೇಲಿಯಂತಿದೆ. ಅವರ ಅಗಾಥಾ ರೇಸಿನ್‌ಗೆ ಅಡುಗೆಯೇ ಬಾರದು. ಹಳ್ಳಿಯ ಅಡುಗೆ ಸ್ಪರ್ಧೆಯಲ್ಲಿ ಗೆಲ್ಲಲು ಲಂಡನ್ನಿನ ಅಂಗಡಿಯಿಂದ ಕೀಶ್ ತಂದು ತನ್ನದೆಂದು ಇಡುತ್ತಾಳೆ. ಅದನ್ನು ತಿಂದ ತೀರ್ಪುಗಾರ ಸಾಯುತ್ತಾನೆ. ಈಗ ತಾನು ನಿರಪರಾಧಿ ಎನ್ನಬೇಕಾದರೆ ತಾನು ಮೋಸಗಾತಿ ಎಂದು ಒಪ್ಪಿಕೊಳ್ಳಬೇಕು. ಎಂಥ ಇಕ್ಕಟ್ಟು!

ಆದರೆ ನನಗೆ ಬಿಡಿಸಿಕೊಳ್ಳಲಾಗದ ಹುಚ್ಚು ಹಿಡಿಸಿದ್ದು ಇವರೆಲ್ಲರಿಗಿಂತ ಹಿಂದಿನ ಪುಸ್ತಕ, ರೆಕ್ಸ್ ಸ್ಟೌಟ್ 1938ರಲ್ಲಿ ಬರೆದ 'ಟೂ ಮೆನಿ ಕುಕ್ಸ್'. ಇಲ್ಲಿಯ ನೀರೋ ವುಲ್ಫ್ ವೃತ್ತಿಯಿಂದಲೇ ಪತ್ತೇದಾರ, ಆದರೆ ತಿಂಡಿಪೋತ. ತೂಕ ಒಂದು ಟನ್ನಿನ ಏಳನೇ ಒಂದು ಪಾಲು. ನ್ಯೂಯಾರ್ಕಿನ ಮನೆಯ ಹೊಸ್ತಿಲು ದಾಟಲು ಒಲ್ಲದ ಈತ ರೈಲು ಹತ್ತಿ ವೆಸ್ಟ್ ವರ್ಜೀನಿಯಾಕ್ಕೆ ಹೋಗುತ್ತಾನೆ, ಜಗತ್ತಿನ ಹದಿನೈದು ಮಹಾ ಬಾಣಸಿಗರ ಕೂಟಕ್ಕೆ ಅತಿಥಿಯಾಗಿ. ಅಲ್ಲಿ ಒಂದು ಪಂದ್ಯ. ಒಂದೇ ಸಾಸಿನ ಒಂಬತ್ತು ಪಾತ್ರೆ, ಪ್ರತಿ ಪಾತ್ರೆಯಲ್ಲೂ ಒಂದೊಂದು ಸಾಮಗ್ರಿ ಬಿಟ್ಟಿದ್ದಾರೆ. ಒಬ್ಬೊಬ್ಬರೇ ಒಳಗೆ ಹೋಗಿ ರುಚಿ ನೋಡಿ ಯಾವುದರಲ್ಲಿ ಏನಿಲ್ಲ ಎಂದು ಚೀಟಿಯಲ್ಲಿ ಬರೆಯಬೇಕು. ಒಂಬತ್ತು ಬೋಗುಣಿ ಸಾರಿಟ್ಟು, ಒಂದಕ್ಕೆ ಇಂಗಿಲ್ಲ, ಇನ್ನೊಂದಕ್ಕೆ ಜೀರಿಗೆಯಿಲ್ಲ, ಮತ್ತೊಂದಕ್ಕೆ ಉಪ್ಪೇ ಇಲ್ಲ ಎನ್ನುವ ಹಾಗೆ. ಪಂದ್ಯದ ನಡುವೆ ಅದೇ ಕೋಣೆಯಲ್ಲಿ ಒಬ್ಬ ಬಾಣಸಿಗ ಚೂರಿ ತಿಂದು ಸಾಯುತ್ತಾನೆ.

ಇಲ್ಲಿಂದ ಸ್ಟೌಟ್ ಮಾಡುವ ಚಮತ್ಕಾರ ನೋಡಿ. ಹೆಚ್ಚಿನವರ ಚೀಟಿಗಳು ಬಹುತೇಕ ಸರಿ. ಒಬ್ಬರದು ಮಾತ್ರ ತಪ್ಪೋ ತಪ್ಪು, ಅದೂ ಸಾಮಾನ್ಯರದಲ್ಲ, ಜೆರೋಮ್ ಬೆರಿನ್‌ರಂಥ ಮಹಾಪಾಕಿಯದು. ಅಧಿಕಾರಿಗಳ ತರ್ಕ ಸರಳ: ಕೊಲೆ ಮಾಡಿದವನ ಮನಸ್ಸು ಕದಡಿರುತ್ತದೆ, ನಾಲಗೆ ತಪ್ಪುತ್ತದೆ, ಹಿಡಿಯಿರಿ ಅವನನ್ನು. ವುಲ್ಫ್ ತರ್ಕ ಬೇರೆ: ಅಂಥವನ ನಾಲಗೆ ಅಷ್ಟು ತಪ್ಪಲಾರದು, ಅವನು ರುಚಿ ನೋಡುವ ಹೊತ್ತಿಗೆ ಪಾತ್ರೆಗಳೇ ಅದಲುಬದಲಾಗಿದ್ದವು. ನಾಲಗೆಯ ಮೇಲೆ ಇಟ್ಟ ಈ ನಂಬಿಕೆ ಒಬ್ಬ ಮನುಷ್ಯನ ಕೊರಳು ಉಳಿಸುತ್ತದೆ. ಬೆರಳಚ್ಚನ್ನು ಸಾಕ್ಷಿಯಾಗಿಸಿದವರು ಸಾವಿರ ಜನ. ನಾಲಗೆಯನ್ನು ಕಟಕಟೆಗೆ ಹತ್ತಿಸಿದವರು ಎಷ್ಟು ಮಂದಿ?

ನನಗೆ ತಟ್ಟನೆ ಹೊಳೆದದ್ದು ದಮಯಂತಿ. ವನಪರ್ವದ ನಳೋಪಾಖ್ಯಾನವನ್ನು ಪತ್ತೇದಾರಿ ಕತೆಯಾಗಿ ಒಮ್ಮೆ ಓದಿ ನೋಡಿ. ರೂಪ ಕೆಟ್ಟ ಬಾಹುಕ ಸಾರಥಿಯ ವೇಷದಲ್ಲಿ ಊರಿಗೆ ಬಂದಿದ್ದಾನೆ. ಅವನೇ ನಳನಿರಬಹುದೆಂದು ದಮಯಂತಿಗೆ ಗುಮಾನಿ, ಆದರೆ ಮುಖ ಸಾಕ್ಷಿ ಹೇಳುವುದಿಲ್ಲ. ದಾಸಿ ಕೇಶಿನಿಯನ್ನು ಬೇಹಿಗೆ ಕಳಿಸುತ್ತಾಳೆ. ಕೇಶಿನಿ ನೋಡಿದ್ದನ್ನೆಲ್ಲ ಬಂದು ವರದಿ ಮಾಡುತ್ತಾಳೆ. ಆಮೇಲೆ ದಮಯಂತಿ ಅವನು ಬೇಯಿಸಿದ ಮಾಂಸದ ಒಂದು ತುಂಡು ತರಿಸಿ ಬಾಯಿಗಿಟ್ಟು, ಇದು ನಳನದೇ ಕೈ ಎಂದು ತಿಳಿಯುತ್ತಾಳೆ. ಶಂಕಿತ, ಗುಪ್ತಚಾರಿಣಿ, ವಸ್ತುಸಾಕ್ಷ್ಯ ಎಲ್ಲವೂ ಇವೆ. ಅದರ ಮುಂದಿನ ಪರ್ವದಲ್ಲೇ ಇದಕ್ಕೆ ತದ್ವಿರುದ್ಧ. ವಿರಾಟನ ಅಡುಗೆಮನೆಯ ವಲಲ ರಾತ್ರಿ ಹೋಗಿ ಕೀಚಕನನ್ನು ಮುದ್ದೆ ಮಾಡಿ ಬರುತ್ತಾನೆ, ಮಾಡಿದ್ದು ಗಂಧರ್ವರು ಎಂದು ಊರೆಲ್ಲ ನಂಬುತ್ತದೆ, ಅಡುಗೆಭಟ್ಟನ ಮೇಲೆ ಯಾರಿಗೂ ಸಂಶಯವಿಲ್ಲ. ಆ ಕೇಸು ಗೋಲ್ಡಿಯ ಕೈಗೆ ಸಿಕ್ಕಿದ್ದರೆ ಬೆಳಗಾಗುವುದರೊಳಗೆ ಇತ್ಯರ್ಥ.

ಸ್ಟೌಟ್‌ಗೆ ಮರಳಿದರೆ, ಆ ಪುಸ್ತಕದ ಇನ್ನೊಂದು ಹೆಚ್ಚುಗಾರಿಕೆಯನ್ನೂ ಹೇಳಲೇಬೇಕು. ಅಡುಗೆಮನೆಯಲ್ಲಿ ಬಡಿಸುವ, ಪಾತ್ರೆ ಎತ್ತುವ ಕಪ್ಪು ಜನರನ್ನು ಶೆರಿಫ್ ಗದರಿಸಿ ಕೇಳಿ ಬರಿಗೈಯಲ್ಲಿ ಹೋಗುತ್ತಾನೆ. ವುಲ್ಫ್ ಅವರನ್ನು ರಾತ್ರಿ ತನ್ನ ಕೋಣೆಗೆ ಕರೆದು ಕೂರಿಸಿ ಗೌರವದಿಂದ ಮಾತಾಡಿಸುತ್ತಾನೆ, ಸತ್ಯ ಹೊರಬೀಳುತ್ತದೆ. ಆ ಕಾಲದ ಹೊಲಸು ಬೈಗುಳಗಳು ಪುಸ್ತಕದಲ್ಲಿ ಉಳಿದಿವೆ, ಓದುವಾಗ ಚುಚ್ಚುತ್ತವೆ. ಆದರೂ 1938ರಲ್ಲಿ ಇಂಥ ದೃಶ್ಯ ಬರೆಯಲು ಎದೆ ಬೇಕಿತ್ತು. ಕೊನೆಗೆ ಬೆರಿನ್‌ನನ್ನು ಬಿಡಿಸಿದ್ದಕ್ಕೆ ವುಲ್ಫ್ ಕೇಳುವ ಫೀಸು ದುಡ್ಡಲ್ಲ, ಅವನ ಸಾಸೇಜಿನ ಪಾಕವಿಧಾನ!

ಈಚಿನವರಲ್ಲಿ ಮಿಯಾ ಪಿ. ಮನನ್ಸಾಲರ 'ಆರ್ಸೆನಿಕ್ ಆ್ಯಂಡ್ ಅಡೋಬೋ' (2021) ನನ್ನ ಪರೀಕ್ಷೆಯಲ್ಲಿ ಗೆದ್ದಿದೆ. ಇಲಿನಾಯ್‌ನ ಕಲ್ಪಿತ ಊರೊಂದರಲ್ಲಿ ಫಿಲಿಪೀನ್ಸ್ ಮೂಲದ ಕುಟುಂಬದ ಹೋಟೆಲು. ಟೀಕಿಸಲೆಂದೇ ತಿನ್ನಲು ಬರುವ ವಿಮರ್ಶಕ ಸಿಹಿತಿಂಡಿಯ ಬಟ್ಟಲಿಗೆ ಮುಖವಿಟ್ಟು ಸಾಯುತ್ತಾನೆ, ಮತ್ತೆ ಅದೇ ಬೀಗ. ಜಪಾನಿನ ಹಿಸಾಶಿ ಕಶಿವಾಯಿ ಕೊಲೆಯನ್ನೇ ಕೈಬಿಟ್ಟಿದ್ದಾರೆ. 2013ರಲ್ಲಿ ಶುರುವಾದ ಅವರ 'ಕಮೊಗಾವ' ಸರಣಿಯಲ್ಲಿ ಕ್ಯೋಟೋದ ನಿವೃತ್ತ ಪೊಲೀಸನೊಬ್ಬ ಮಗಳೊಂದಿಗೆ ಪುಟ್ಟ ಖಾನಾವಳಿ ನಡೆಸುತ್ತಾನೆ. ಎಂದೋ ತಿಂದ ಒಂದು ಊಟದ ನೆನಪು ಹಿಡಿದು ಗಿರಾಕಿ ಬರುತ್ತಾನೆ, ಆ ರುಚಿ ಹುಡುಕಿ ಬಡಿಸುವುದೇ ಇವರ ಪತ್ತೇದಾರಿಕೆ. ಕೊಲೆಯಿಲ್ಲದಿದ್ದರೂ ಹಿಡಿದು ಕೂರಿಸುತ್ತದೆ, ಯಾಕೆಂದರೆ ಇಲ್ಲಿ ಅಡುಗೆ ತೆಗೆದರೆ ಏನೂ ಉಳಿಯುವುದಿಲ್ಲ.

ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನಿಗಾಗಿ ಬಾಡಿಗೆ ಲೈಬ್ರರಿಗಳ ಮುಂದೆ ಕಾದವರು ನಾವು. ನಮ್ಮಲ್ಲಿ ಅಡುಗೆಭಟ್ಟರ ಪತ್ತೇದಾರಿಕೆ ಯಾಕೆ ಬರಬಾರದು? ಮದುವೆ ಮನೆಗೆ ಎಲ್ಲರಿಗಿಂತ ಮೊದಲು ಬಂದು ಎಲ್ಲರಿಗಿಂತ ಕೊನೆಗೆ ಹೋಗುವವರು ಅವರು. ಸಾಮಾನಿನ ಪಟ್ಟಿಯಲ್ಲಿ ಗೋಡಂಬಿ ಇಳಿದರೆ ಹೆಣ್ಣಿನ ತಂದೆಯ ಸಾಲ ಎಷ್ಟೆಂದು ಅವರಿಗೆ ಗೊತ್ತಾಗುತ್ತದೆ. ಯಾವ ಅಣ್ಣ ಯಾವ ತಮ್ಮನ ಪಂಕ್ತಿಯಲ್ಲಿ ಕೂರುವುದಿಲ್ಲ, ಉಗ್ರಾಣದ ಬೀಗದಕೈ ಯಾರ ಸೊಂಟದಲ್ಲಿದೆ, ಯಾರು ಪಾಯಸ ಮುಟ್ಟದೆ ಎದ್ದರು, ಎಲ್ಲವೂ ಕೊಪ್ಪರಿಗೆಯ ಹಿಂದೆ ನಿಂತವರ ಕಣ್ಣಿಗೆ ಬೀಳುತ್ತದೆ. ಕನ್ನಡದ ಕತೆಗಾರರಲ್ಲಿ ನನ್ನದೊಂದು ಬೇಡಿಕೆ: ಯಾರಾದರೂ ಇದನ್ನು ಬರೆಯಿರಿ. ಕೊನೆಯಲ್ಲಿ ಹೋಳಿಗೆಯದೋ ಹಯಗ್ರೀವದ್ದೋ ವಿಧಾನವೂ ಇರಲಿ. ಆದರೆ ಅಳತೆ ಸರಿಯಾಗಿ ಕೊಡಿ. 'ರುಚಿಗೆ ತಕ್ಕಷ್ಟು' ಎಂದು ಬರೆದು ಕೈತೊಳೆದುಕೊಳ್ಳಬೇಡಿ.