ಟಿ.ಬಿ. ಸೋಂಕಿನ ಪರೀಕ್ಷೆ: ಮತ್ತೊಮ್ಮೆ ಯಾವಾಗ ಬೇಕು, ಯಾವಾಗ ಬೇಡ?

ಮನೆಯಲ್ಲಿ ಒಬ್ಬರಿಗೆ ಶ್ವಾಸಕೋಶದ ಕ್ಷಯ ಇದೆಯೆಂದು ಗೊತ್ತಾದರೆ ಉಳಿದವರನ್ನೂ ತಪಾಸಣೆಗೆ ಕರೆಯುತ್ತಾರೆ. ‘ನಮಗೆ ಕೆಮ್ಮೂ ಇಲ್ಲ, ಜ್ವರವೂ ಇಲ್ಲ, ಪರೀಕ್ಷೆ ಯಾಕೆ?’ ಎಂದು ನೀವು ಕೇಳಬಹುದು.

ಕ್ಷಯದ ರೋಗಾಣು ಒಳಹೊಕ್ಕರೂ ದೇಹದ ರೋಗನಿರೋಧಕ ಶಕ್ತಿ ಅದನ್ನು ಅಡಗಿಸಿ ಇಡಬಲ್ಲದು. ಇದೇ ಸುಪ್ತ ಸೋಂಕು. ಇದು ಇನ್ನೊಬ್ಬರಿಗೆ ಹರಡುವುದಿಲ್ಲ. ಆದರೆ ಇಂಥ 100 ಜನರಲ್ಲಿ 5ರಿಂದ 10 ಮಂದಿಗೆ ಮುಂದೆ ಕ್ಷಯರೋಗ ಬರುತ್ತದೆ. ಮೊದಲ ಎರಡು ವರ್ಷಗಳಲ್ಲಿ ಅಪಾಯ ಹೆಚ್ಚು.

ಸುಪ್ತ ಸೋಂಕಿನ ಪರೀಕ್ಷೆ ರೋಗಾಣುವನ್ನು ಹುಡುಕುವುದಿಲ್ಲ. ದೇಹ ಅದನ್ನು ಗುರುತಿಸಿದೆಯೇ ಎಂದು ನೋಡುತ್ತದೆ. ಮಾಂಟೂ ಪರೀಕ್ಷೆಯಲ್ಲಿ ಮುಂಗೈ ಚರ್ಮಕ್ಕೆ ಚುಚ್ಚಿ, 48ರಿಂದ 72 ಗಂಟೆಯೊಳಗೆ ಗಟ್ಟಿಯಾದ ಊತವನ್ನು ಅಳೆಯುತ್ತಾರೆ. ತೋರಿಸಲು ಹೋಗದಿದ್ದರೆ ಪರೀಕ್ಷೆ ವ್ಯರ್ಥ. ಬಿಸಿಜಿ ಲಸಿಕೆಯಿಂದಲೂ ಈ ಊತ ಬರಬಹುದು. ‘ಇಗ್ರಾ’ ಎಂಬ ರಕ್ತಪರೀಕ್ಷೆಗೆ ಆ ತೊಡಕಿಲ್ಲ.

ಸೋಂಕನ್ನು ಗುರುತಿಸಲು ದೇಹಕ್ಕೆ 2ರಿಂದ 8 ವಾರ ಹಿಡಿಯುತ್ತದೆ. ಆದ್ದರಿಂದ ಆರಂಭದಲ್ಲೇ ನೆಗೆಟಿವ್ ಬಂದರೆ ನಿಶ್ಚಿಂತರಾಗಬೇಡಿ. ರೋಗಿಯ ಸಂಪರ್ಕ ಕೊನೆಯಾದ 8ರಿಂದ 10 ವಾರಗಳ ನಂತರ ಮತ್ತೊಮ್ಮೆ ಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳಿ. ಬಸವಕಲ್ಯಾಣ, ಹುಮನಾಬಾದ್ ಕಡೆಯಿಂದ ಹೈದರಾಬಾದ್, ಪುಣೆಗೆ ದುಡಿಯಲು ಹೋಗುವವರು ಈ ದಿನಾಂಕ ಬರೆದಿಟ್ಟುಕೊಳ್ಳಿ. ಊರು ಬಿಡುವ ಮುನ್ನ ಆರೋಗ್ಯ ಕಾರ್ಯಕರ್ತರಿಗೆ ತಿಳಿಸಿ.

ಒಮ್ಮೆ ಪಾಸಿಟಿವ್ ಬಂದ ಮೇಲೆ ನೆಗೆಟಿವ್ ಆಗಲೆಂದು ಪದೇ ಪದೇ ಪರೀಕ್ಷೆ ಮಾಡಿಸಬೇಡಿ. ಮಾತ್ರೆ ಪೂರ್ಣ ನುಂಗಿದ ಮೇಲೂ ಫಲಿತಾಂಶ ಪಾಸಿಟಿವ್ ಆಗಿಯೇ ಉಳಿಯಬಹುದು. ಔಷಧಿ ಫಲಿಸಿಲ್ಲ ಎಂದು ಅದರರ್ಥವಲ್ಲ. ಗಡಿರೇಖೆಯ ಹತ್ತಿರವಿರುವ ಇಗ್ರಾ ಫಲಿತಾಂಶ ಇನ್ನೊಮ್ಮೆ ಬದಲಾಗಲೂಬಹುದು. ಅದನ್ನು ನಂಬಿ ಮಾತ್ರೆ ಬಿಡಬೇಡಿ. ಸುಪ್ತ ಸೋಂಕಿನ ಹೆಸರಿನಲ್ಲಿ ಹೆಣ್ಣುಮಕ್ಕಳ ಸಂಬಂಧ ತಪ್ಪಿಸುವುದಂತೂ ಅನ್ಯಾಯ.

ಪಾಸಿಟಿವ್ ಬಂದವರಿಗೆ ಮೊದಲು ಎದೆಯ ಎಕ್ಸ್‌ರೇ ತೆಗೆದು ರೋಗವಿಲ್ಲವೆಂದು ಖಚಿತಪಡಿಸಿಕೊಂಡು, ಆಮೇಲೆ ತಡೆಗಟ್ಟುವ ಔಷಧಿ ಕೊಡುತ್ತಾರೆ. ರೋಗಿಯ ಮನೆಯ 5 ವರ್ಷದೊಳಗಿನ ಮಕ್ಕಳಿಗೆ ರೋಗವಿಲ್ಲವೆಂದು ಕಂಡರೆ ಸಾಕು, ಈ ಪರೀಕ್ಷೆಗೆ ಕಾಯದೆ ಔಷಧಿ ಆರಂಭಿಸುತ್ತಾರೆ. ಸರಕಾರಿ ಆಸ್ಪತ್ರೆಯಲ್ಲಿ ಇದು ಉಚಿತ. ರಮಝಾನ್‌ನಲ್ಲಿ ಮಾತ್ರೆ ನಿಲ್ಲಿಸಬೇಡಿ; ಸಹರಿ ಅಥವಾ ಇಫ್ತಾರ್ ವೇಳೆಗೆ ಹೊಂದಿಸಬಹುದೇ ಎಂದು ವೈದ್ಯರಲ್ಲಿ ವಿಚಾರಿಸಿ.

ಎರಡು ವಾರ ಮೀರಿದ ಕೆಮ್ಮು, ಸಂಜೆ ಜ್ವರ, ರಾತ್ರಿ ಬೆವರು ಅಥವಾ ತೂಕ ಇಳಿಕೆ ಕಂಡರೆ ಹಳೆಯ ನೆಗೆಟಿವ್ ವರದಿ ಹಿಡಿದು ಕೂರಬೇಡಿ. ಕಫ ಪರೀಕ್ಷೆ ಮಾಡಿಸಿ.