ನೇತ್ರಾಣಿಯ ನೀರಡಿಯಲ್ಲಿ ಮೀನುಗಣತಿ

ಜನವರಿಯ ಬೆಳಗುಗಳಲ್ಲಿ ಹೆಬ್ಬಾಳ ಅಥವಾ ಯಲಹಂಕ ಕೆರೆಯ ಏರಿಯ ಮೇಲೆ ಅಡ್ಡಾಡುವವರಿಗೆ, ಬೈನಾಕ್ಯುಲರ್ ಹಿಡಿದು ಹಕ್ಕಿ ಎಣಿಸುವವರು ಕಣ್ಣಿಗೆ ಬಿದ್ದಿರಬಹುದು. ಏಷ್ಯಾದ ಅನೇಕ ದೇಶಗಳಲ್ಲಿ 1987ರಿಂದ ಪ್ರತಿ ಜನವರಿಯಲ್ಲೂ ಜಲಪಕ್ಷಿಗಳ ಗಣತಿ ನಡೆಯುತ್ತಿದೆ. ದಡದಲ್ಲಿ ನಿಂತು, ಬಾತುಕೋಳಿ ಎಷ್ಟು, ಬೆಳ್ಳಕ್ಕಿ ಎಷ್ಟು ಎಂದು ಗುರುತು ಹಾಕಿಕೊಂಡರೆ ಕೆಲಸ ಬಹುಪಾಲು ಮುಗಿಯಿತು.

ಆದರೆ ನೀರಿನ ಕೆಳಗಿರುವ ಮೀನುಗಳನ್ನು ಎಣಿಸುವುದು ಹೇಗೆ? ಬಲೆ ಬೀಸಬಹುದಲ್ಲ ಎನ್ನುತ್ತೀರಿ. ಕಡಲಿನ ಹವಳದ ದಿಬ್ಬಗಳಲ್ಲಿ ಅದು ನಡೆಯದ ಮಾತು. ಬಲೆ ಹವಳಕ್ಕೆ ಸಿಕ್ಕಿ ಹರಿಯುತ್ತದೆ, ನೂರಾರು ವರ್ಷ ಬೆಳೆದ ಹವಳವೂ ಮುರಿಯುತ್ತದೆ. ಹಾಗಾಗಿ ಎಣಿಸುವವರೇ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿಗೆ ಇಳಿಯಬೇಕು.

ನಮ್ಮ ರಾಜ್ಯದಲ್ಲೂ ಹವಳ

ಹವಳವೆಂದರೆ ಲಕ್ಷದ್ವೀಪ, ಅಂಡಮಾನ್ ಎಂದೇ ನಾವು ಶಾಲೆಯಲ್ಲಿ ಓದುತ್ತೇವೆ. ಉತ್ತರ ಕನ್ನಡದ ಭಟ್ಕಳ ತಾಲ್ಲೂಕಿನ ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ಅರಬ್ಬಿ ಸಮುದ್ರದಲ್ಲಿ ನೇತ್ರಾಣಿ ಎಂಬ ಪುಟ್ಟ ದ್ವೀಪವಿದೆ. ಹಳೆಯ ನಕ್ಷೆಗಳಲ್ಲಿ ಇದರ ಹೆಸರು ಪಾರಿವಾಳ ದ್ವೀಪ. ಜನವಸತಿ ಇಲ್ಲ; ಕಾಡಾಡಿ ಆಡುಗಳು, ಪಾರಿವಾಳಗಳು, ಬಂಡೆಗಳ ಮೇಲೆ ಕಡಲ ಹದ್ದುಗಳು. ಮೀನುಗಾರರು ಆಗಾಗ ಹೋಗಿ ಹರಕೆ ಒಪ್ಪಿಸಿ ಬರುತ್ತಾರೆ.

ಈ ದ್ವೀಪದ ಬಂಡೆಗಳ ಬುಡದಲ್ಲಿ ಹವಳ ಬೆಳೆದಿದೆ. ಅದನ್ನು ಆಶ್ರಯಿಸಿ ಚಿಟ್ಟೆಮೀನು, ಗಿಳಿಮೀನು, ಕರಾವಳಿಯವರ ಅಡುಗೆಮನೆಗೆ ಪರಿಚಿತವಾದ ಮುರು ಮೀನು, ಕಲ್ಲಿನ ಸಂದಿಯಿಂದ ತಲೆ ಹೊರಗಿಟ್ಟ ಮೋರೆ ಹಾವುಮೀನು, ಕಡಲಾಮೆ ಎಲ್ಲವೂ ಇವೆ. ಮಳೆಗಾಲ ಮುಗಿದು ನೀರು ತಿಳಿಯಾದ ಮೇಲೆ ಇಲ್ಲಿಗೆ ಮುಳುಗುವ ಸಾಹಸಿಗಳು ಬರುತ್ತಾರೆ. ಯಶವಂತಪುರದಲ್ಲೋ ಹೆಬ್ಬಾಳದಲ್ಲೋ ರಾತ್ರಿ ಬಸ್ಸು ಹತ್ತಿ, ಎರಡು ದಿನ ಮುಳುಗಿ, ಸೋಮವಾರ ಕೆಲಸಕ್ಕೆ ಹಾಜರಾಗುವ ಯುವಕ ಯುವತಿಯರೂ ಅವರಲ್ಲಿದ್ದಾರೆ.

ನೋಡಿ ಬರುವುದು ಬೇರೆ, ಎಣಿಸಿ ಬರುವುದು ಬೇರೆ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ನೇತ್ರಾಣಿಯ ಹವಳ, ಮೀನು ಮತ್ತಿತರ ಜೀವಿಗಳನ್ನು ಗುರುತಿಸಿ 2008ರಲ್ಲಿ ಪಟ್ಟಿಯನ್ನು ಪ್ರಕಟಿಸಿದರು. ಆ ಪಟ್ಟಿಗೆ ಏಕೆ ಬೆಲೆ ಎಂಬುದಕ್ಕೆ ದ್ವೀಪದ ಕಥೆಯೇ ಸಾಕ್ಷಿ. ನೌಕಾಪಡೆಯು ನೇತ್ರಾಣಿಯನ್ನು ಗುರಿ ಅಭ್ಯಾಸಕ್ಕೆ ಬಳಸುತ್ತಿದ್ದುದನ್ನು ಪರಿಸರಾಸಕ್ತರೂ ಮೀನುಗಾರರೂ ವಿರೋಧಿಸಿದರು. ಇಂಥ ವಾದಗಳಲ್ಲಿ "ಅಲ್ಲಿ ತುಂಬಾ ಮೀನುಗಳಿವೆ" ಎಂದರೆ ಯಾರೂ ಕಿವಿಗೊಡುವುದಿಲ್ಲ. ಯಾವ ಮೀನು, ಎಷ್ಟು, ಎಲ್ಲಿ ಎಂದು ಹೇಳಿದರೆ ಮಾತ್ರ ಮಾತಿಗೆ ತೂಕ ಬರುತ್ತದೆ.

ಅಳತೆ ಪಟ್ಟಿ, ಹಲಗೆ, ಪೆನ್ಸಿಲ್

ಹವಳದ ಮೀನುಗಳನ್ನು ಹಿಡಿಯದೆ, ಕೊಲ್ಲದೆ, ಕಣ್ಣಳತೆಯಲ್ಲೇ ಎಣಿಸುವ ವಿಧಾನವನ್ನು ಹವಾಯಿ ದ್ವೀಪಗಳಲ್ಲಿ ದುಡಿದ ವರ್ನನ್ ಬ್ರಾಕ್ ಎಂಬ ವಿಜ್ಞಾನಿ 1954ರಲ್ಲಿ ವಿವರಿಸಿದರು. ಅದಕ್ಕೆ ಬೇಕಾದ ಸಲಕರಣೆ ಕೇಳಿದರೆ ನಗು ಬರಬಹುದು: ಬಟ್ಟೆಯಂಗಡಿಯ ಟೇಪಿನ ಅಣ್ಣನಂಥ 50 ಮೀಟರ್ ಉದ್ದದ ಅಳತೆ ಪಟ್ಟಿ, ಪ್ಲಾಸ್ಟಿಕ್ ಹಲಗೆ, ಒಂದು ಪೆನ್ಸಿಲ್. ಶಾಯಿ ನೀರಿನಲ್ಲಿ ಕರಗುತ್ತದೆ, ಪೆನ್ಸಿಲ್ ಬರೆಯುತ್ತದೆ.

ಇಬ್ಬರು ಜೊತೆಯಾಗಿ ಇಳಿಯುತ್ತಾರೆ. ನೀರಡಿಯಲ್ಲಿ ಒಂಟಿಯಾಗಿ ಇರಬಾರದೆಂಬುದು ಮೊದಲ ನಿಯಮ. ದಿಬ್ಬದ ಮೇಲೆ ಪಟ್ಟಿಯನ್ನು ಹಾಸಿ, ಬೆದರಿದ ಮೀನುಗಳು ಮರಳುವವರೆಗೆ ಕೆಲವು ನಿಮಿಷ ಸುಮ್ಮನಿರುತ್ತಾರೆ. ಆಮೇಲೆ ನಿಧಾನವಾಗಿ ಈಜುತ್ತ, ಪಟ್ಟಿಯ ಎರಡೂ ಬದಿಗೆ ಎರಡೂವರೆ ಮೀಟರ್ ಒಳಗೆ ಕಂಡ ಮೀನುಗಳನ್ನು ಮಾತ್ರ ಬರೆದುಕೊಳ್ಳುತ್ತಾರೆ. 50 ಮೀಟರ್ ಉದ್ದ, 5 ಮೀಟರ್ ಅಗಲ ಎಂದರೆ 250 ಚದರ ಮೀಟರ್. ಮೊದಲ ಸುತ್ತಿನಲ್ಲಿ ಓಡಾಡುವ ದೊಡ್ಡ ಮೀನುಗಳು, ಎರಡನೆಯ ಸುತ್ತಿನಲ್ಲಿ ಹವಳಕ್ಕೆ ಅಂಟಿಕೊಂಡಿರುವ ಪುಟಾಣಿಗಳು. ಹಿಂದಿನಿಂದ ಬಂದು ಮುಂದೆ ಹೋದ ಮೀನನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಹಿಡಿದರೆ ಅದೇ ಮೀನನ್ನು ಎರಡು ಸಲ ಎಣಿಸಿದಂತಾದೀತು.

ಲೆಕ್ಕ ಸರಳ. ಒಂದು ಪಟ್ಟಿಯಲ್ಲಿ 12 ಗಿಳಿಮೀನು ಸಿಕ್ಕರೆ ಹೆಕ್ಟೇರಿಗೆ, ಅಂದರೆ 10,000 ಚದರ ಮೀಟರಿಗೆ, 480 ಎಂದಾಯಿತು. ಒಂದೇ ಪಟ್ಟಿಯನ್ನು ನಂಬಿದರೆ ಮೋಸ ಹೋಗುತ್ತೇವೆ. ಆದ್ದರಿಂದ ದಿಬ್ಬದ ಬೇರೆ ಬೇರೆ ಕಡೆ, ಬೇರೆ ಬೇರೆ ಆಳದಲ್ಲಿ ಹತ್ತಾರು ಪಟ್ಟಿ ಹಾಸಿ ಸರಾಸರಿ ತೆಗೆಯುತ್ತಾರೆ.

ಕಣ್ಣಿಗಾಗುವ ಮೋಸ

ನೀರಿನೊಳಗೆ ಕಣ್ಣನ್ನು ಪೂರ್ತಿ ನಂಬುವಂತಿಲ್ಲ. ಬೆಳಕು ನೀರಿನಿಂದ ಮುಖವಾಡದೊಳಗಿನ ಗಾಳಿಗೆ ಬರುವಾಗ ಬಾಗುವುದರಿಂದ ಮೀನು ನಿಜಕ್ಕಿಂತ ಮೂರನೇ ಒಂದು ಪಾಲು ದೊಡ್ಡದಾಗಿ, ನಾಲ್ಕನೇ ಒಂದು ಪಾಲು ಹತ್ತಿರದಲ್ಲಿರುವಂತೆ ಕಾಣುತ್ತದೆ. ಭೌತಶಾಸ್ತ್ರದ ಪುಸ್ತಕದಲ್ಲಿ ನೀರಿನ ವಕ್ರೀಭವನ ಸೂಚ್ಯಂಕ 1.33 ಎಂದು ಬಾಯಿಪಾಠ ಮಾಡುತ್ತೀರಲ್ಲ, ಅದರ ಆಟವಿದು. ಕೆಂಪು ಬಣ್ಣವನ್ನು ನೀರು ಬೇಗ ನುಂಗುತ್ತದೆ. ಹತ್ತು ಮೀಟರ್ ಆಳದಲ್ಲಿ ಕೆಂಪು ಮೀನು ಬೂದು ಬಣ್ಣದ್ದಾಗಿ ತೋರುತ್ತದೆ.

ಮೀನುಗಳೂ ಕಡಿಮೆಯೇನಲ್ಲ. ಗಿಳಿಮೀನುಗಳಲ್ಲಿ ಅನೇಕವು ಹೆಣ್ಣಾಗಿ ಬಾಳು ಆರಂಭಿಸಿ ಮುಂದೆ ಗಂಡಾಗುತ್ತವೆ. ಆಗ ಮಂಕು ಬಣ್ಣ ಹೋಗಿ ಹಸಿರು ನೀಲಿ ಮೆರುಗು ಬರುತ್ತದೆ. ಹಿಂದಿನ ವಿಜ್ಞಾನಿಗಳು ಒಂದೇ ಮೀನಿನ ಎರಡು ವೇಷಗಳಿಗೆ ಎರಡು ಹೆಸರಿಟ್ಟದ್ದುಂಟು. ಚಕ್ರವರ್ತಿ ದೇವಮೀನಿನ ಮರಿಗೆ ಕಡುನೀಲಿ ಮೈಮೇಲೆ ಬಿಳಿ ಬಳೆಗಳು, ದೊಡ್ಡದಾದಾಗ ಹಳದಿ ಗೆರೆಗಳು. ಎರಡನ್ನೂ ಅಕ್ಕಪಕ್ಕ ಇಟ್ಟರೂ ತಾಯಿ ಮಗು ಎಂದು ಹೇಳಲಾರಿರಿ.

ಇಷ್ಟಾದರೂ ಹಗಲಲ್ಲಿ ಸಂದಿಗಳಲ್ಲಿ ಅಡಗಿ ರಾತ್ರಿ ಹೊರಡುವ ಮೀನುಗಳು, ಬೆರಳುದ್ದದ ಗೋಬಿಗಳು ತಪ್ಪಿಸಿಕೊಳ್ಳುತ್ತವೆ. ಹಾಗಾಗಿ ಇತ್ತೀಚೆಗೆ ಆಮಿಷ ಕಟ್ಟಿದ ವಿಡಿಯೋ ಕ್ಯಾಮೆರಾಗಳನ್ನು ನೀರಿಗಿಳಿಸುತ್ತಾರೆ. ಮೀನುಗಳು ನೀರಿನಲ್ಲಿ ಬಿಟ್ಟುಹೋದ ಡಿಎನ್‌ಎ ಚೂರುಗಳನ್ನೂ ಪರೀಕ್ಷಿಸುತ್ತಾರೆ. ಆದರೂ ಹಲಗೆ ಹಿಡಿದ ಮುಳುಗುಗಾರನ ಕೆಲಸ ನಿಂತಿಲ್ಲ.

ವೈವಿಧ್ಯವನ್ನು ಅಳೆಯುವುದು

ಎರಡು ದಿಬ್ಬಗಳಿವೆ ಎನ್ನಿ. ಎರಡರಲ್ಲೂ 100 ಮೀನು, 10 ಪ್ರಭೇದ. ಮೊದಲನೆಯದರಲ್ಲಿ ಪ್ರತಿ ಪ್ರಭೇದದ ಹತ್ತು ಹತ್ತು ಮೀನು. ಎರಡನೆಯದರಲ್ಲಿ ಒಂದೇ ಪ್ರಭೇದದ 91, ಉಳಿದ ಒಂಬತ್ತರದು ಒಂದೊಂದು. ಎರಡೂ ಸಮಾನ ಸಮೃದ್ಧವೇ?

ಬ್ರಿಟನ್ನಿನ ಎಡ್ವರ್ಡ್ ಸಿಂಪ್ಸನ್ 1949ರಲ್ಲಿ ಇದಕ್ಕೊಂದು ಅಳತೆ ಕೊಟ್ಟರು. ಕಣ್ಣುಮುಚ್ಚಿ ಒಂದು ಮೀನನ್ನು ಆರಿಸಿ, ಅದನ್ನು ಬಿಟ್ಟು ಮತ್ತೆ ಒಂದನ್ನು ಆರಿಸಿದರೆ ಎರಡೂ ಒಂದೇ ಪ್ರಭೇದದವಾಗಿರುವ ಸಂಭವವೆಷ್ಟು? ಮೊದಲ ದಿಬ್ಬದಲ್ಲಿ ನೂರಕ್ಕೆ 10, ಎರಡನೆಯದರಲ್ಲಿ ನೂರಕ್ಕೆ ಸುಮಾರು 83. ಸಂಭವ ಹೆಚ್ಚಾದಷ್ಟೂ ವೈವಿಧ್ಯ ಕಡಿಮೆ. ಪಿಯುಸಿಯ ಸಂಭವನೀಯತೆಯ ಪಾಠ ಹವಳದ ದಿಬ್ಬದ ಆರೋಗ್ಯವನ್ನು ಹೇಳುವುದು ಹೀಗೆ.

ಎಣಿಸಿ ಏನು ಫಲ?

ಈ ಪ್ರಶ್ನೆಗೆ ಉತ್ತರ ಲಕ್ಷದ್ವೀಪದಲ್ಲಿದೆ. ಎಸ್. ಜೋನ್ಸ್ ಮತ್ತು ಎಂ. ಕುಮಾರನ್ 1980ರಲ್ಲಿ ಪ್ರಕಟಿಸಿದ ಗ್ರಂಥ ಅಲ್ಲಿನ 603 ಬಗೆಯ ಮೀನುಗಳನ್ನು ವಿವರಿಸಿತು. 1998ರಲ್ಲಿ ಸಮುದ್ರ ಅತಿಯಾಗಿ ಬಿಸಿಯಾಗಿ ಹವಳ ಬಿಳಿಚಿಕೊಂಡಿತು. 2010 ಮತ್ತು 2016ರಲ್ಲಿ ಮತ್ತೆ ಹಾಗೆಯೇ ಆಯಿತು. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ಸಂಶೋಧಕರು 1998ರಿಂದ ಮತ್ತೆ ಮತ್ತೆ ಅಲ್ಲಿಗೆ ಹೋಗಿ ಅಳೆದರು. ಅಗತ್ತಿ, ಕಡಮತ್, ಕವರತ್ತಿಗಳಲ್ಲಿ ಜೀವಂತ ಹವಳದ ಹೊದಿಕೆ ಶೇಕಡ 37ರಷ್ಟಿದ್ದುದು 24 ವರ್ಷಗಳಲ್ಲಿ ಶೇಕಡ 20ರ ಸನಿಹಕ್ಕೆ ಇಳಿದದ್ದು ತಿಳಿದದ್ದು ಈ ಪಟ್ಟುಬಿಡದ ಅಳತೆಯಿಂದ.

ಇಲ್ಲಿ ಮೀನಿನ ಪಾತ್ರವೇನು? ಹವಳ ಸತ್ತರೆ ಕಲ್ಲಿನ ಮೇಲೆ ಪಾಚಿ ಬೆಳೆಯುತ್ತದೆ. ಪಾಚಿ ಮುಚ್ಚಿದ ಕಲ್ಲಿನಲ್ಲಿ ಹೊಸ ಹವಳದ ಮರಿಗೆ ನೆಲೆಯಿಲ್ಲ. ಗಿಳಿಮೀನು ತನ್ನ ಗಟ್ಟಿ ಕೊಕ್ಕಿನಂಥ ಹಲ್ಲಿನಿಂದ ಪಾಚಿ ಹೆರೆದು ಜಾಗ ಮಾಡಿಕೊಡುತ್ತದೆ. ಗಿಳಿಮೀನನ್ನೇ ಹಿಡಿದು ಮಾರಿದರೆ ದಿಬ್ಬ ಮತ್ತೆ ಎದ್ದು ನಿಲ್ಲುವುದು ಕಷ್ಟ. ಆದ್ದರಿಂದ ಗಿಳಿಮೀನುಗಳ ಎಣಿಕೆ ದಿಬ್ಬದ ನಾಳೆಯನ್ನು ಮೊದಲೇ ಹೇಳುವ ಸಾಧನ.

ಎಣಿಸಲು ವಿಜ್ಞಾನಿಯೇ ಆಗಬೇಕೆಂದಿಲ್ಲ. ಲಕ್ಷದ್ವೀಪದವರು ಹವಳದ ಕೊಳದಿಂದ ಪುಟ್ಟ ಮೀನು ಹಿಡಿದು, ಅದನ್ನು ಆಮಿಷವಾಗಿ ಎಸೆದು, ಗಾಳದ ಕೋಲಿನಿಂದ ಟ್ಯೂನಾ ಹಿಡಿಯುತ್ತಾರೆ. ಬೆಂಗಳೂರಿನ ದಕ್ಷಿಣ್ ಫೌಂಡೇಶನ್ ನೆರವಿನಿಂದ ಅಲ್ಲಿನ ಮೀನುಗಾರರೇ ತಾವು ಹಿಡಿದದ್ದನ್ನು ಪುಸ್ತಕದಲ್ಲಿ ಬರೆದಿಡುವ ಕ್ರಮ ರೂಢಿಸಿಕೊಂಡರು.

ನೇತ್ರಾಣಿಗೂ ಬೇಕಾದದ್ದು ಇದೇ. ಒಂದು ಸಲದ ಪಟ್ಟಿ ಒಂದು ಛಾಯಾಚಿತ್ರವಿದ್ದಂತೆ. ಅದೇ ಜಾಗದಲ್ಲಿ, ಅದೇ ವಿಧಾನದಲ್ಲಿ ವರ್ಷ ವರ್ಷವೂ ಎಣಿಸಿದರೆ ಮಾತ್ರ ಹೆಚ್ಚಿತೋ ಕುಗ್ಗಿತೋ ಎಂದು ಗೊತ್ತಾಗುತ್ತದೆ. ಹವಳಗಳಿಗೂ ತಿಮಿಂಗಿಲ ಶಾರ್ಕಿಗೂ 2001ರಿಂದ ವನ್ಯಜೀವಿ ಕಾನೂನಿನ ರಕ್ಷಣೆಯಿದೆ. ಕಾನೂನು ಫಲ ಕೊಟ್ಟಿತೇ, ಪ್ರವಾಸಿ ದೋಣಿಗಳ ಲಂಗರಿನಿಂದ ಹಾನಿಯಾಯಿತೇ ಎಂಬುದನ್ನು ಎಣಿಕೆಯೇ ಹೇಳಬೇಕು.

ಓದುವವರಿಗೆ ದಾರಿ

ಮೀನು ಎಣಿಸಿದರೆ ಹೊಟ್ಟೆ ತುಂಬೀತೇ ಎಂದು ತಂದೆತಾಯಿ ಕೇಳುವುದು ಸಹಜ. ಮಂಗಳೂರಿನ ಮೀನುಗಾರಿಕಾ ಕಾಲೇಜು 1969ರಲ್ಲಿ ಆರಂಭವಾದದ್ದು ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದ ಆಶ್ರಯದಲ್ಲಿ. ಈಗ ಅದು ಬೀದರಿನ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದೆ. ಪಿಯುಸಿಯಲ್ಲಿ ಜೀವಶಾಸ್ತ್ರ ಸಹಿತ ವಿಜ್ಞಾನ ಓದಿ ಸಿಇಟಿ ಬರೆದವರಿಗೆ ಅಲ್ಲಿ ನಾಲ್ಕು ವರ್ಷದ ಪದವಿಯಿದೆ. ಮೀನುಗಾರಿಕೆ ಇಲಾಖೆ, ಸಂಶೋಧನಾ ಸಂಸ್ಥೆಗಳು, ಮೀನು ಸಾಕಣೆ, ಬ್ಯಾಂಕುಗಳು ಎಂದು ಮುಂದಿನ ದಾರಿಗಳು ಹಲವು. ಬಳ್ಳಾರಿ ರಸ್ತೆಯ ಜಿಕೆವಿಕೆ ಆವರಣದಲ್ಲಿರುವ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ 2004ರಲ್ಲಿ ವನ್ಯಜೀವಿ ಶಾಸ್ತ್ರದ ಸ್ನಾತಕೋತ್ತರ ಶಿಕ್ಷಣವೂ ಆರಂಭವಾಯಿತು.

ಮಾಡಿ ನೋಡಿ

ಸಮುದ್ರ ದೂರವಾಯಿತೇ? ಆರ್.ಟಿ. ನಗರದ ಉದ್ಯಾನವೋ ಜಕ್ಕೂರು ಕೆರೆಯ ದಂಡೆಯೋ ಸಾಕು. 50 ಮೀಟರ್ ಹಗ್ಗ ಹಾಸಿ, ಎರಡೂ ಬದಿಗೆ ಎರಡೂವರೆ ಮೀಟರ್ ಒಳಗೆ ಕಂಡ ಚಿಟ್ಟೆಗಳನ್ನು ನಿಧಾನವಾಗಿ ನಡೆಯುತ್ತ ಎಣಿಸಿ. ಹೆಸರು ಗೊತ್ತಿಲ್ಲದಿದ್ದರೆ ಚಿತ್ರ ಬರೆದು ಸಂಖ್ಯೆ ಕೊಡಿ. ಮಾರನೆಯ ದಿನ ಅದೇ ಹೊತ್ತಿಗೆ ಮತ್ತೆ ಎಣಿಸಿ. ಪ್ರತಿದಿನ ಹೊಸ ಬಗೆಗಳು ಸೇರಿ ಒಟ್ಟು ಎಷ್ಟಾದವೆಂದು ನಕ್ಷೆ ಬರೆದರೆ, ಗೆರೆ ಮೊದಲು ಕಡಿದಾಗಿ ಏರಿ ಮೆಲ್ಲಗೆ ಸಮತಟ್ಟಾಗುವುದನ್ನು ಕಾಣುವಿರಿ. ಸಮತಟ್ಟಾದಾಗ ಪಟ್ಟಿ ಬಹುಮಟ್ಟಿಗೆ ತುಂಬಿತೆಂದು ತಿಳಿಯಬೇಕು. ನೇತ್ರಾಣಿಯ ನೀರಡಿಯಲ್ಲಿ ಹಲಗೆ ಹಿಡಿದವರೂ ಕಾಯುವುದು ಆ ಗೆರೆಗಾಗಿಯೇ.